ಒಂದು ಹಾಡಿಗೆ ಮೂರು ಉತಾರ: ಬ್ಯಾಂಡಿನವ ಒಬ್ಬನೇ ಆಲ್ಬಂ ಮಾಡಹೊರಟಾಗ

ಬ್ಯಾಂಡಿನ ಗಿಟಾರ್ ಹುಡುಗ "ನಾನು ನನ್ನ ಹೆಸರಿನ್ಯಾಗ ಒಂದು ಆಲ್ಬಂ ಮಾಡ್ತೀನಿ" ಅಂದ ಕೂಡಲೇ ಉಳಿದ ಮೂವರ ಬಾಯಿಂದ ಬರುವ ಮೊದಲ ಪ್ರಶ್ನೆ, "ಯಾಕಲೇ, ನಾವೇನ್ ಮಾಡೀವಿ ನಿನಗ?" ಎರಡನೆಯದು ಬರಲು ಒಂದೆರಡು ದಿನ ಬೇಕು. ಅದನ್ನು ಕೇಳುವವನು ಹೆಚ್ಚಾಗಿ ಡ್ರಮ್ಸ್ ಬಾರಿಸುವವನು: "ನಮ್ಮ ಹಾಡೂ ಅದರಾಗ ಹಾಕಾಂವ ಏನು?" ಮೊದಲ ಪ್ರಶ್ನೆಯನ್ನು ಚಹಾದ ಅಂಗಡಿಯಲ್ಲೇ ಬಗೆಹರಿಸಿಕೊಳ್ಳಬಹುದು. ಎರಡನೆಯದಕ್ಕೆ ಕಾಯ್ದೆ ತೆಗೆದು ನೋಡಬೇಕು, ಯಾಕೆಂದರೆ "ನಮ್ಮ ಹಾಡು" ಎಂಬಲ್ಲಿ "ನಮ್ಮ" ಅಂದರೆ ಯಾರು ಎಂದು ಹೆಚ್ಚಿನ ಬ್ಯಾಂಡುಗಳು ಎಂದೂ ಬರೆದಿಟ್ಟಿರುವುದಿಲ್ಲ.

ಧಾರವಾಡದ ಮಟ್ಟಿಗೆ ಇದು ಹೊಸ ತೊಡಕು. ಇಲ್ಲಿನ ಸಂಗೀತದಲ್ಲಿ ಹೆಸರು ಯಾವತ್ತೂ ಒಬ್ಬರದೇ. ಮಲ್ಲಿಕಾರ್ಜುನ ಮನ್ಸೂರರ ಅಥವಾ ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಿಕೆಯನ್ನು ಯಾರೂ ಸೋಲೋ ಆಲ್ಬಂ ಎಂದು ಕರೆಯಲಿಲ್ಲ. ತಬಲಾ, ಹಾರ್ಮೋನಿಯಂ ಸಾಥಿಗೆ ಇರುತ್ತಿದ್ದವು, ಕಛೇರಿ ಗವಾಯಿಯದು. ರಾಕ್ ಬ್ಯಾಂಡಿನಲ್ಲಿ ಹೆಸರು ನಾಲ್ಕು ಮಂದಿಯ ಹಂಗಿನಲ್ಲಿ ಹುಟ್ಟುತ್ತದೆ. ಅದರಿಂದ ಒಬ್ಬ ಹೊರಬಂದು ತನ್ನ ಹೆಸರು ಹಾಕಿಕೊಂಡರೆ ಮಾತ್ರ "ಒಬ್ಬನೇ" ಎಂಬುದಕ್ಕೆ ಅರ್ಥ.

ಹೊರಬರುವುದಕ್ಕೆ ಜಗಳವೇ ಆಗಬೇಕೆಂದಿಲ್ಲ. ಎಷ್ಟೋ ಸಲ ಹಾಡುಗಳ ದಾಸ್ತಾನು ಹೆಚ್ಚಾಗಿರುತ್ತದೆ, ಅಷ್ಟೇ. ಬೀಟಲ್ಸ್ ತಂಡದಲ್ಲಿ ಲೆನನ್–ಮ್ಯಾಕಾರ್ಟ್ನಿ ಜೋಡಿಯ ಹಾಡುಗಳ ನಡುವೆ ಜಾರ್ಜ್ ಹ್ಯಾರಿಸನ್‌ಗೆ ಒಂದು ಎಲ್‌ಪಿಯಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಒಂದೋ ಎರಡೋ ಜಾಗ. ತಂಡ ಒಡೆದ 1970ರಲ್ಲೇ ಆತ ತಂದದ್ದು ಮೂರು ಎಲ್‌ಪಿಗಳ ಆಲ್ಬಂ, 'ಆಲ್ ಥಿಂಗ್ಸ್ ಮಸ್ಟ್ ಪಾಸ್'. ಅದರ ಶೀರ್ಷಿಕೆ ಗೀತೆಯನ್ನು 1969ರ ಜನವರಿಯಲ್ಲಿ ಬೀಟಲ್ಸ್ ತಾಲೀಮು ಮಾಡಿ ಕೈಬಿಟ್ಟಿತ್ತು. ಕಟ್ಟುನಿಟ್ಟಾಗಿ ಎಣಿಸಿದರೆ ಅದು ಆತನ ಮೊದಲನೆಯದೂ ಅಲ್ಲ. 1968ರಲ್ಲಿ ಒಂದು ಚಿತ್ರಸಂಗೀತದ, 1969ರಲ್ಲಿ ಒಂದು ಎಲೆಕ್ಟ್ರಾನಿಕ್ ಪ್ರಯೋಗದ ಆಲ್ಬಂ ಬಂದಿದ್ದವು. ಆದರೂ ಜನ ಮೊದಲನೆಯದೆಂದು ಲೆಕ್ಕ ಹಿಡಿಯುವುದು ಇದನ್ನೇ. ನಮ್ಮ ಕಾಲೇಜು ಉತ್ಸವಗಳಲ್ಲೂ ಸ್ಥಿತಿ ಬೇರೆಯಲ್ಲ. ಮುಕ್ಕಾಲು ಪಾಲು ವೇಳೆ ಜನಕ್ಕೆ ಗೊತ್ತಿರುವ ಸಿನಿಮಾ ಹಾಡು ಬಾರಿಸಬೇಕು, ಉಳಿದದ್ದರಲ್ಲಿ ಸ್ವಂತದ್ದು ಒಂದೋ ಎರಡೋ. ಬರೆಯುವವನ ಫೋನಿನಲ್ಲಿ ಅರ್ಧಂಬರ್ಧ ಹಾಡುಗಳು ರಾಶಿ ಬೀಳುತ್ತವೆ.

ಈಗ ಒಂದು ಕಲ್ಪಿತ ಬ್ಯಾಂಡ್ ಇಟ್ಟುಕೊಳ್ಳೋಣ. ಹುಬ್ಬಳ್ಳಿ ವಿದ್ಯಾನಗರದ ನಾಲ್ವರು: ಹಾಡುವವ, ಗಿಟಾರ್, ಬೇಸ್, ಡ್ರಮ್ಸ್. ಹಾಡುವವನೇ ಸಾಹಿತ್ಯ ಬರೆಯುತ್ತಾನೆ, ಗಿಟಾರಿನವ ರಾಗ ಕಟ್ಟುತ್ತಾನೆ. ಹೊರಟವನು ಗಿಟಾರಿನವ.

ನಮ್ಮ ಕಡೆ ಹೊಲದ ತಕರಾರು ಬಂದರೆ ಮೊದಲು ಉತಾರ, ಅಂದರೆ ಹೊಲ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆ, ತೆಗೆಸುತ್ತಾರೆ. ಹಾಡಿಗೂ ಉತಾರ ಇದೆ ಎಂದುಕೊಳ್ಳಿ, ಆದರೆ ಒಂದಲ್ಲ, ಮೂರು. 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿನಲ್ಲಿ ಹಾಡಿನ ಮಾತುಗಳು ಒಂದು ಸಾಹಿತ್ಯ ಕೃತಿ. ರಾಗ ಸಂಯೋಜನೆ ಬೇರೆಯೇ ಒಂದು ಸಂಗೀತ ಕೃತಿ. ಅದರ ವ್ಯಾಖ್ಯೆಯಿಂದ ಮಾತುಗಳನ್ನು ಕಾಯ್ದೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಮೂರನೆಯದು ಧ್ವನಿಮುದ್ರಣ, ಅಂದರೆ ಸ್ಟುಡಿಯೋದಲ್ಲಿ ಆ ದಿನ ಹಿಡಿದಿಟ್ಟ ಶಬ್ದ. ಮೊದಲ ಎರಡರ ಆಯುಷ್ಯ ಕರ್ತೃವಿನ ಜೀವಿತಾವಧಿ, ಅದರ ಮೇಲೆ 60 ವರ್ಷ. ಧ್ವನಿಮುದ್ರಣದ್ದು ಪ್ರಕಟವಾದ ಮೇಲೆ 60 ವರ್ಷ. ಎರಡೂ ಲೆಕ್ಕ ಶುರುವಾಗುವುದು ಮುಂದಿನ ಜನವರಿ 1ರಿಂದ. ಮೂರೂ ಹಕ್ಕುಗಳು ಮೂರು ಬೇರೆ ಕೈಗಳಲ್ಲಿ ಇರಬಹುದು, ಇರುತ್ತವೆ ಕೂಡ.

ಇದರಿಂದ ಹುಟ್ಟುವ ಒಂದು ಪರಿಣಾಮ ನಮ್ಮ ಹುಡುಗರಿಗೆ ವಿಚಿತ್ರವಾಗಿ ಕಾಣುತ್ತದೆ. ಬೇರೆ ಒಪ್ಪಂದ ಏನೂ ಇಲ್ಲದಿದ್ದರೆ ಗಿಟಾರಿನವ ತನ್ನ ರಾಗವನ್ನು ಎತ್ತಿಕೊಂಡು ಹೋಗಬಹುದು, ಮಾತುಗಳನ್ನು ಒಯ್ಯುವಂತಿಲ್ಲ. ಅದೇ ಧಾಟಿಗೆ ಹೊಸ ಸಾಹಿತ್ಯ ಬರೆಸಿ ಆಲ್ಬಂನಲ್ಲಿ ಹಾಕಿದರೆ ಹಾಡುವವ ಸಿಟ್ಟಾಗಬಹುದು, ಕೋರ್ಟಿಗೆ ಹೋಗಿ ಗೆಲ್ಲುವುದು ಕಷ್ಟ. ಹಾಡುವವನೂ ತನ್ನ ಮಾತುಗಳಿಗೆ ಬೇರೆ ಧಾಟಿ ಕಟ್ಟಿಸಬಹುದು. ಒಂದೇ ಹಾಡು ಎರಡಾಗಿ ಸೀಳಿಹೋಗುತ್ತದೆ.

ಆದರೆ "ರಾಗ ಗಿಟಾರಿನವನದು" ಎಂದು ನಾವು ಹೇಳಿದ್ದಷ್ಟು ಸಲೀಸಾಗಿ ಬ್ಯಾಂಡಿನಲ್ಲಿ ಯಾರೂ ಹೇಳುವುದಿಲ್ಲ. ಜಗಳದ ಬೇರು ಇರುವುದು ಇಲ್ಲೇ. ಗಿಟಾರಿನವ ನಾಲ್ಕು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ, ತಂದ. ಬೇಸಿನವ ಅದರ ಕೆಳಗೆ ಸ್ವರಗಳ ಒಂದು ಓಟ ಹಾಕಿದ, ಜನ ಗುನುಗುವುದು ಈಗ ಆ ಓಟವನ್ನೇ. ಡ್ರಮ್ಮಿನವ "ಇದನ್ನ ಅರ್ಧ ವೇಗಕ್ಕ ಇಳಸ್ರಿ" ಅಂದ, ಹಾಡಿನ ಮುಖವೇ ಬದಲಾಯಿತು. ಇವರಲ್ಲಿ ಸಂಯೋಜಕ ಯಾರು?

ಕಾಯ್ದೆ ಇಷ್ಟು ಹೇಳುತ್ತದೆ: ಸಂಗೀತವನ್ನು ಕಟ್ಟಿದವನೇ ಸಂಯೋಜಕ, ಆತ ಸ್ವರಲಿಪಿಯಲ್ಲಿ ಬರೆದಿಟ್ಟಿದ್ದಾನೋ ಇಲ್ಲವೋ ಎಂಬುದು ಮುಖ್ಯವಲ್ಲ. ನೊಟೇಶನ್ ಬಾರದ ನಮ್ಮ ಬಹುಪಾಲು ರಾಕ್ ಹುಡುಗರಿಗೆ ಇದು ದೊಡ್ಡ ಆಸರೆ. ಇಬ್ಬರ ಕೆಲಸ ಬೇರ್ಪಡಿಸಲಾಗದಂತೆ ಬೆರೆತಿದ್ದರೆ ಅದು ಜಂಟಿ ಕರ್ತೃತ್ವ. ಆಗ ಉಳಿದವರ ಒಪ್ಪಿಗೆ ಇಲ್ಲದೆ ಒಬ್ಬನೇ ಅದನ್ನು ಮೂರನೆಯವರಿಗೆ ಬರೆದುಕೊಡುವುದು ಜಂಟಿ ಖಾತೆಯ ಹೊಲ ಮಾರಹೋದಂತೆ.

ಎಲ್ಲಿ ಗೆರೆ ಎಳೆಯಬೇಕು ಎಂಬುದಕ್ಕೆ ಇಂಗ್ಲೆಂಡಿನ ಎರಡು ಮೊಕದ್ದಮೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಅಲ್ಲಿನ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ತರ್ಕ ಇಲ್ಲಿಗೂ ಒಪ್ಪುತ್ತದೆ. ಪ್ರೊಕೋಲ್ ಹ್ಯಾರಮ್ ತಂಡದ 1967ರ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿಗೆ ಗ್ಯಾರಿ ಬ್ರೂಕರ್ ರಾಗ, ಕೀತ್ ರೀಡ್ ಸಾಹಿತ್ಯ ಎಂದು ಹೆಸರಿತ್ತು. ಆದರೆ ಹಾಡು ಶುರುವಾದೊಡನೆ ಕಿವಿಗೆ ಬೀಳುವುದು ಆರ್ಗನ್ನಿನ ದೀರ್ಘ ಸ್ವರಮಾಲೆ. ಅದನ್ನು ಕಟ್ಟಿ ನುಡಿಸಿದವನು ಮ್ಯಾಥ್ಯೂ ಫಿಶರ್. ತಂಡ ಬಿಟ್ಟು 1973ರಲ್ಲಿ ತನ್ನ ಮೊದಲ ಸೋಲೋ ಆಲ್ಬಂ ತಂದವನು ಈತ. 2005ರಲ್ಲಿ, ಹಾಡು ಬಂದು 38 ವರ್ಷಗಳಾದ ಮೇಲೆ, ದಾವೆ ಹೂಡಿದ. 2006ರಲ್ಲಿ ಹೈಕೋರ್ಟ್ ಸಂಗೀತದಲ್ಲಿ ಆತನಿಗೆ 40 ಶೇಕಡಾ ಪಾಲು ಕೊಟ್ಟಿತು. ಮೇಲ್ಮನವಿಯಲ್ಲಿ ಹಣದ ಪಾಲು ತಪ್ಪಿಹೋಗಿ, 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಮರಳಿ ಎತ್ತಿಹಿಡಿಯಿತು. ಹಿಂದಿನ ದಶಕಗಳ ಗಳಿಕೆ ಸಿಗಲಿಲ್ಲ. ದಾವೆಯ ನಂತರದ್ದು ಸಿಕ್ಕಿತು.

ಇನ್ನೊಂದು ಸ್ಪ್ಯಾಂಡೌ ಬ್ಯಾಲೆ ತಂಡದ್ದು. ಗ್ಯಾರಿ ಕೆಂಪ್ ಹಾಡುಗಳನ್ನು ಮನೆಯಲ್ಲಿ ಕಟ್ಟಿಕೊಂಡು ಬಂದು ತಂಡಕ್ಕೆ ಗಿಟಾರ್ ಮೇಲೆ ಹಾಡಿ ತೋರಿಸುತ್ತಿದ್ದ. ಗಾಯಕ, ಸ್ಯಾಕ್ಸೊಫೋನಿನವ, ಡ್ರಮ್ಮರ್ ಮೂವರೂ ಸೇರಿ "ನಾವೂ ಕಟ್ಟಿದ್ದೇವೆ" ಎಂದು ದಾವೆ ಹಾಕಿ 1999ರಲ್ಲಿ ಸೋತರು. ಹಾಡು ತಾಲೀಮಿಗೆ ಬರುವ ಹೊತ್ತಿಗೆ ಅದರ ಮೈ ಪೂರ್ತಿಯಾಗಿತ್ತು. ಉಳಿದವರು ಮಾಡಿದ್ದು ಅದನ್ನು ಚೆನ್ನಾಗಿ ನುಡಿಸಿದ್ದು, ಅದು ಸಂಯೋಜನೆಯಲ್ಲ ಎಂಬುದು ತೀರ್ಪಿನ ಸಾರ.

ಎರಡನ್ನೂ ಕೂಡಿಸಿ ಓದಿದರೆ ನಮ್ಮ ಬೇಸಿನವನಿಗೆ ಆಸೆ ಇದೆ, ಡ್ರಮ್ಮಿನವನಿಗೆ ಕಡಿಮೆ. ಬೇಸಿನವನ ಓಟ ಸ್ವರಗಳಿಂದಾದದ್ದು, ಅದನ್ನು ತೆಗೆದರೆ ಹಾಡೇ ಬೇರೆ ಎನ್ನಿಸುವಷ್ಟು ಸ್ವಂತದ್ದು. ಡ್ರಮ್ಮಿನವನ ಲಯದ ಸಲಹೆಯನ್ನು ಸಂಯೋಜನೆ ಎಂದು ಒಪ್ಪಿಸುವುದು ಹಗ್ಗದ ಮೇಲಿನ ನಡಿಗೆ. ನನಗೆ ಇದು ಅನ್ಯಾಯ ಎನಿಸುತ್ತದೆ. ಲಯಕಾರಿಯನ್ನು ಇಷ್ಟು ಮೆಚ್ಚುವ ಊರಿನಲ್ಲಿ ಕೂತು ಲಯ ಕಟ್ಟಿದವನು ಹಾಡು ಕಟ್ಟಿಲ್ಲ ಎಂದು ಒಪ್ಪುವುದು ಹೇಗೆ? ಕ್ವೀನ್ ತಂಡ ಈ ಗೊಡವೆಯೇ ಬೇಡವೆಂದು 1989ರ 'ದಿ ಮಿರಾಕಲ್' ಆಲ್ಬಂನಿಂದ ಎಲ್ಲ ಹಾಡಿಗೂ ತಂಡದ ಹೆಸರನ್ನೇ ಹಾಕಿತು. ಕಾಯ್ದೆ ಕೊಡದ ಪಾಲನ್ನು ಒಪ್ಪಂದದಲ್ಲಿ ಕೊಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಹೊರಟವನು ಇನ್ನೊಂದು ಕಡೆಯಿಂದಲೂ ಹುಷಾರಾಗಿರಬೇಕು. ಹ್ಯಾರಿಸನ್‌ನ ಅದೇ ಆಲ್ಬಂನ 'ಮೈ ಸ್ವೀಟ್ ಲಾರ್ಡ್' ಹಾಡು ಬೇರೊಂದು ಹಳೆಯ ಹಾಡಿನ ನಕಲು ಎಂದು 1976ರಲ್ಲಿ ಅಮೆರಿಕದ ಕೋರ್ಟ್ ತೀರ್ಮಾನಿಸಿತು. ಬೇಕೆಂದೇ ಕದ್ದದ್ದಲ್ಲ, ಅರಿವಿಲ್ಲದೆ ಆದದ್ದು ಎಂದೂ ಹೇಳಿತು. ಆದರೂ ದಂಡ ತಪ್ಪಲಿಲ್ಲ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಗೆಳೆಯರ ಧಾಟಿ ಕೇಳಿದವನ ಕಿವಿಯಲ್ಲಿ ಯಾವುದು ತನ್ನದು, ಯಾವುದು ಬೇಸಿನವನದು ಎಂಬ ಗಡಿ ಎಷ್ಟು ಗಟ್ಟಿಯಾಗಿ ಉಳಿದಿರುತ್ತದೆ?

ಸಾಹಿತ್ಯವನ್ನು ಹಾಡುವವ ಬಿಟ್ಟುಕೊಡಲಿಲ್ಲ ಎನ್ನಿ. ಆಗ ಧಾರವಾಡ, ಹಾವೇರಿ, ಗದಗ ಸೀಮೆಯ ಹುಡುಗ ಸಹಜವಾಗಿ ಕೈಹಾಕುವುದು ಮನೆಯಲ್ಲಿರುವ ಕವಿತೆಗಳಿಗೆ. ಇಲ್ಲಿ ಮೂರು ಉತಾರದ ಲೆಕ್ಕ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳ ಮಾತಿನ ಮೇಲೆ ಇವತ್ತು ಯಾರ ಹಕ್ಕೂ ಇಲ್ಲ. ಬಾಡದ ಕನಕದಾಸರು, ಗದಗಿನ ಕುಮಾರವ್ಯಾಸ, ಸರ್ವಜ್ಞ, ವಚನಕಾರರು ಎಲ್ಲರದೂ ಹಾಗೇ. ಯಾರು ಬೇಕಾದರೂ ಡಿಸ್ಟಾರ್ಷನ್ ಗಿಟಾರ್ ಹಾಕಿ ಹಾಡಬಹುದು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆ 2041ರ ಡಿಸೆಂಬರ್ 31ರವರೆಗೆ ಕೃತಿಸ್ವಾಮ್ಯದ ಒಳಗೇ ಇದೆ. ಸವಣೂರಿನ ವಿ.ಕೃ. ಗೋಕಾಕರದು 2052ರವರೆಗೆ. ಗದಗ ಜಿಲ್ಲೆಯ ಹೊಂಬಳದಲ್ಲಿ ಹುಟ್ಟಿ 2022ರಲ್ಲಿ ಧಾರವಾಡದಲ್ಲಿ ತೀರಿಕೊಂಡ ಚೆನ್ನವೀರ ಕಣವಿಯವರದು 2082ರವರೆಗೆ. "ಬೇಂದ್ರೆ ಅಜ್ಜಾ ನಮ್ಮವರಲ್ಲೇನು, ಯಾರನ್ನ ಕೇಳಬೇಕು?" ಎಂಬ ಮಾತು ಸಾಧನಕೇರಿಯ ದಂಡೆಯಲ್ಲಿ ನಡೆಯುತ್ತದೆ. ಸ್ಪಾಟಿಫೈನಲ್ಲಿ ನಡೆಯದು, ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು.

ಶರೀಫರ ವಿಷಯದಲ್ಲೂ ಒಂದು ಮೆಟ್ಟಿಲು ಎಡವುವುದು ಸುಲಭ. ಮಾತು ಮುಕ್ತ, ಧಾಟಿ? ನಮ್ಮ ಹುಡುಗನ ಕಿವಿಯಲ್ಲಿರುವ ಧಾಟಿ ಭಜನಾ ಮೇಳದ್ದಾಗಿದ್ದರೆ, ತಲೆಮಾರಿನಿಂದ ಊರೂರಿನಲ್ಲಿ ಹಾಡಿಕೊಂಡು ಬಂದದ್ದಾಗಿದ್ದರೆ, ಅದಕ್ಕೆ ಒಡೆಯ ಇಲ್ಲ. ಆದರೆ ಪೇಟೆಯಲ್ಲಿ ಬೆಳೆದ ಬಹಳ ಮಂದಿಗೆ ಶರೀಫರು ಗೊತ್ತಿರುವುದು ಸಿ. ಅಶ್ವತ್ಥರ ದನಿಯಲ್ಲಿ, ಅವರ ಸಂಯೋಜನೆಯಲ್ಲಿ. 1990ರ 'ಸಂತ ಶಿಶುನಾಳ ಶರೀಫ' ಚಿತ್ರದ ಸಂಗೀತವೂ ಅವರದೇ. ಅಶ್ವತ್ಥರು ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ, ಆದ್ದರಿಂದ ಅವರು ಕಟ್ಟಿದ ಧಾಟಿಗೆ 2069ರ ಕೊನೆಯವರೆಗೆ ರಕ್ಷಣೆ. ಆ ಹಕ್ಕು ಇಂದು ಯಾರ ಕೈಯಲ್ಲಿದೆ ಎಂಬುದು ಹಾಡಿನಿಂದ ಹಾಡಿಗೆ ಬೇರೆಯಾಗಬಹುದು, ಮುಗಿದಿಲ್ಲ ಎಂಬುದಂತೂ ಖಂಡಿತ. ಹೀಗೆ ಒಂದೇ ತತ್ವಪದ: ಮಾತಿನ ಉತಾರ ಖಾಲಿ, ರಾಗದ ಉತಾರದಲ್ಲಿ ಒಬ್ಬರ ಹೆಸರು, ಕ್ಯಾಸೆಟ್ಟಿನ ಉತಾರದಲ್ಲಿ ಇನ್ನೊಬ್ಬರ ಹೆಸರು.

ದಾರಿ ಏನು ಎಂಬುದನ್ನು ಮೈಸೂರಿನವರೊಬ್ಬರು ತೋರಿಸಿಕೊಟ್ಟಿದ್ದಾರೆ. ಮೊದಲು 'ಅಂತರಾಗ್ನಿ' ಎಂಬ ಬ್ಯಾಂಡಿನಲ್ಲಿದ್ದ ರಘು ದೀಕ್ಷಿತ್ 2008ರಲ್ಲಿ ತಂದ ತಮ್ಮ ಮೊದಲ ಆಲ್ಬಂನಲ್ಲಿ ಶರೀಫರ ಪದಗಳನ್ನು ಎತ್ತಿಕೊಂಡು ತಮ್ಮದೇ ಧಾಟಿಯಲ್ಲಿ ಹಾಡಿದರು. ಹಳೆಯ ಮಾತು, ಹೊಸ ರಾಗ, ಹೊಸ ಮುದ್ರಣ. ಈಗ ಶಿಗ್ಗಾಂವಿಯ ಹುಡುಗ ಆ ಧಾಟಿಯನ್ನು ತನ್ನ ಆಲ್ಬಂನಲ್ಲಿ ಹಾಕಬೇಕೆಂದರೆ ಶರೀಫರನ್ನು ಕೇಳಬೇಕಿಲ್ಲ, ಆ ರಾಗದ ಹಕ್ಕುದಾರರನ್ನು ಕೇಳಬೇಕು. ಐದು ಕ್ಯಾಲೆಂಡರ್ ವರ್ಷ ಕಳೆದ ಹಾಡಿಗೆ ಕಾಯ್ದೆಯ ಕಲಂ 31ಸಿ ಅಡಿ ಕವರ್ ವರ್ಷನ್, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ಮುದ್ರಿಸಿದ್ದು, ಮಾಡುವ ಅವಕಾಶ ಇದೆಯಾದರೂ, ಕನಿಷ್ಠ 50,000 ಪ್ರತಿಗಳ ರಾಯಧನವನ್ನು ಮುಂಗಡ ಕಟ್ಟಬೇಕು. ಸಣ್ಣವರ ಕೆಲಸವಲ್ಲ ಅದು.

ಮೂರನೆಯ ಉತಾರಕ್ಕೆ ಬಂದರೆ ನಿಯಮ ಚಿಕ್ಕದು, ಪೆಟ್ಟು ದೊಡ್ಡದು. ಧ್ವನಿಮುದ್ರಣದ ಕರ್ತೃ ಹಾಡಿದವನೂ ಅಲ್ಲ, ಗುಂಡಿ ಒತ್ತಿದ ಎಂಜಿನಿಯರೂ ಅಲ್ಲ. ಅದನ್ನು ಮಾಡಿಸಲು ಮುಂದಾಗಿ ಜವಾಬ್ದಾರಿ ಹೊತ್ತ ನಿರ್ಮಾಪಕ. ನಾಲ್ವರೂ ಪಟ್ಟಿ ಹಾಕಿ ಸ್ಟುಡಿಯೋ ಹಿಡಿದಿದ್ದರೆ ನಾಲ್ವರೂ. ಬೆಂಗಳೂರಿನ ಯಾವುದೋ ಕಂಪನಿ ಖರ್ಚು ಹಾಕಿ ಮಾಡಿಸಿದ್ದರೆ ಕಂಪನಿ. ಆದ್ದರಿಂದ ಬ್ಯಾಂಡಿನ ಹಳೆಯ ಟ್ರ್ಯಾಕಿನಿಂದ ತನ್ನ ಗಿಟಾರನ್ನಷ್ಟೇ ಕತ್ತರಿಸಿ ಹೊಸ ಆಲ್ಬಂಗೆ ಅಂಟಿಸುವುದೂ ಕೂಡದು. ಮತ್ತೆ ನುಡಿಸಿ ಮುದ್ರಿಸಬೇಕು.

ಸಂಯೋಜನೆಯ ಹಕ್ಕನ್ನೂ ಕಂಪನಿಗೆ ಬರೆದುಕೊಟ್ಟಿದ್ದರೆ ಎಂಥ ಪೇಚು ಎಂಬುದಕ್ಕೆ ಜಾನ್ ಫೋಗರ್ಟಿಯ ಕತೆಯೇ ಸಾಕು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡಕ್ಕೆ ಆತ 1970ರಲ್ಲಿ ಬರೆದ ಒಂದು ಹಾಡಿನ ಹಕ್ಕು ಫ್ಯಾಂಟಸಿ ಎಂಬ ಕಂಪನಿಯದಾಗಿತ್ತು. 1985ರಲ್ಲಿ ಆತ ಒಬ್ಬನೇ ತಂದ ಹಾಡು ಆ ಹಳೆಯ ಹಾಡಿನ ನಕಲು ಎಂದು ಕಂಪನಿ ಕೋರ್ಟಿಗೆ ಹೋಯಿತು. ತನ್ನನ್ನೇ ತಾನು ಕದ್ದ ಆರೋಪ! ಫೋಗರ್ಟಿ ಸಾಕ್ಷಿಕಟ್ಟೆಗೆ ಗಿಟಾರ್ ಒಯ್ದು ಎರಡೂ ಹೇಗೆ ಬೇರೆ ಎಂದು ನುಡಿಸಿ ತೋರಿಸಿದ. 1988ರಲ್ಲಿ ಜ್ಯೂರಿ ಅವನ ಪರ ನಿಂತಿತು. ನಮ್ಮಲ್ಲಿ 2012ರ ತಿದ್ದುಪಡಿ ಬಂದ ಮೇಲೆ ಒಂದು ರಕ್ಷಣೆ ಸೇರಿದೆ. ಹಕ್ಕನ್ನೇ ಕಂಪನಿಗೆ ಬರೆದುಕೊಟ್ಟರೂ, ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು ರಾಯಧನದಲ್ಲಿ ತಮ್ಮ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಎಂದು ಸಹಿ ಮಾಡಿಸಿಕೊಂಡರೂ ಅದು ಊರ್ಜಿತವಲ್ಲ. ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಲೆಕ್ಕ.

ದುಡ್ಡಿನ ದಾರಿಗಳೂ ಇದೇ ಸೀಳಿನಲ್ಲಿ ಹರಿಯುತ್ತವೆ. ಸ್ಟ್ರೀಮಿಂಗ್‌ನಲ್ಲಿ ಧ್ವನಿಮುದ್ರಣದ ಪಾಲು ಬರುವುದು ಹಾಡು ಏರಿಸಿದ ವಿತರಕ ಸಂಸ್ಥೆಯ ಖಾತೆಗೆ. ಖಾತೆ ಯಾರ ಇಮೇಲ್‌ನಲ್ಲಿದೆಯೋ ಅವರಿಗೆ ಹೋಗುತ್ತದೆ. ಅಲ್ಲಿ ನಾಲ್ವರ ಪಾಲನ್ನು ಮೊದಲೇ ನಮೂದಿಸದಿದ್ದರೆ ಯಂತ್ರಕ್ಕೆ ಉಳಿದ ಮೂವರ ಪರಿಚಯವೇ ಇರುವುದಿಲ್ಲ. ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಹೊಸದಾಗಿ ಮುದ್ರಿಸಿದರೆ ಹೊಸ ಗುರುತು, ಹಾಗಾಗಿ ಬ್ಯಾಂಡಿನ ಹಳೆಯ ಹಾಡು ಕೇಳಿದ ಲೆಕ್ಕ ಸೋಲೋ ಆಲ್ಬಂಗೆ ಬರುವುದಿಲ್ಲ. ಮಾತು ಮತ್ತು ರಾಗದ ರಾಯಧನ ಬೇರೆ ಕೊಳವೆ: 1969ರಲ್ಲಿ ಶುರುವಾದ ಐಪಿಆರ್‌ಎಸ್ ಸಂಸ್ಥೆ ಅದನ್ನು ವಸೂಲು ಮಾಡಿ ಸದಸ್ಯರಿಗೆ ಹಂಚುತ್ತದೆ. ಸದಸ್ಯರಾಗದವರಿಗೆ, ಹಾಡಿನ ಪಾಲು ದಾಖಲಿಸದವರಿಗೆ ಬರುವುದು ಸೊನ್ನೆ. ಆಸೆಯನ್ನು ಅಳತೆಯಲ್ಲಿ ಇಟ್ಟುಕೊಳ್ಳುವುದೂ ಒಳ್ಳೆಯದು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಮುದ್ರಣದ ಲೆಕ್ಕದಲ್ಲಿ ಬಿಡಿಗಾಸೂ ಇಲ್ಲ.

ಬ್ಯಾಂಡಿನ ಹೆಸರು? ಅದು ಕೃತಿಸ್ವಾಮ್ಯದ ವಿಷಯವೇ ಅಲ್ಲ, ಟ್ರೇಡ್‌ಮಾರ್ಕಿನದು. ಪಿಂಕ್ ಫ್ಲಾಯ್ಡ್ ಬಿಟ್ಟ ರೋಜರ್ ವಾಟರ್ಸ್ ತಾನಿಲ್ಲದೆ ಆ ಹೆಸರು ಬಳಸಬಾರದೆಂದು 1986ರಲ್ಲಿ ಕೋರ್ಟಿಗೆ ಹೋದ. 1987ರ ಕೊನೆಗೆ ರಾಜಿಯಾಗಿ ಹೆಸರು ಉಳಿದವರ ಪಾಲಾಯಿತು. ನಮ್ಮ ಹುಡುಗ ಪೋಸ್ಟರಿನ ಮೇಲೆ ಇಂಥ ಬ್ಯಾಂಡಿನ ಗಿಟಾರಿಸ್ಟ್ ಆಗಿದ್ದವನು ಎಂದು ನಿಜ ಹೇಳಿಕೊಳ್ಳಬಹುದು. ಬ್ಯಾಂಡಿನ ಹೆಸರು ದೊಡ್ಡಕ್ಷರದಲ್ಲಿ, ತನ್ನದು ಕೆಳಗೆ ಸಣ್ಣಕ್ಷರದಲ್ಲಿ ಹಾಕಿ ಸವಾಯಿ ಗಂಧರ್ವ ಹಾಲ್ ತುಂಬಿಸಲು ನೋಡಿದರೆ ತಂಟೆ.

ಕಡೆಗೆ, ಒಬ್ಬನೇ ಮಾಡುವ ಆಲ್ಬಂನಲ್ಲೂ ಒಬ್ಬನೇ ಇರುವುದಿಲ್ಲ. ಮ್ಯಾಕಾರ್ಟ್ನಿ 1970ರಲ್ಲಿ ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿ ಒಂದು ಆಲ್ಬಂ ಮಾಡಿದ್ದು ಅಪರೂಪಕ್ಕೆ ಸೇರಿದ್ದು. ನಮ್ಮವನು ಮಾಳಮಡ್ಡಿಯ ತಬಲಾದವರನ್ನು ಕರೆಸುತ್ತಾನೆ, ಒಂದು ಹಾಡಿಗೆ ಸಿತಾರ್ ಹಾಕಿಸುತ್ತಾನೆ, ಕೊನೆಗೆ ಬೇಸಿಗೆ ಅದೇ ಹಳೆಯ ಗೆಳೆಯನನ್ನೇ "ಒಂದ್ ದಿನಾ ಬಂದ್ ಹೋಗೋ ಮಾರಾಯಾ" ಎಂದು ಕರೆಯುತ್ತಾನೆ. ಇವರೆಲ್ಲರಿಗೂ ಪ್ರದರ್ಶಕರ ಹಕ್ಕು ಎಂಬುದು ಬೇರೆಯಾಗಿ ಇದೆ, 50 ವರ್ಷದ್ದು. ಅವರ ಒಪ್ಪಿಗೆಯಿಲ್ಲದೆ ಅವರು ನುಡಿಸಿದ್ದನ್ನು ಮುದ್ರಿಸುವಂತಿಲ್ಲ. ಹಿರಿಯ ವಾದಕರ ಕೈಗೆ ಲಕೋಟೆ ಕೊಟ್ಟು ಕಾಲುಮುಟ್ಟಿ ನಮಸ್ಕರಿಸಿದರೆ ಮರ್ಯಾದೆ ಸಂದಿತು, ಒಪ್ಪಿಗೆ ಸಂದಿಲ್ಲ. ಅದಕ್ಕೆ ಒಂದು ಪುಟ ಬೇಕು: ಹಾಡಿನ ಹೆಸರು, ಮುದ್ರಿಸಿದ ದಿನ, ಮಾತು ಯಾರದು, ರಾಗ ಯಾರದು, ಶೇಕಡಾ ಎಷ್ಟೆಷ್ಟು, ಮುದ್ರಣದ ಖರ್ಚು ಯಾರು ಹಾಕಿದರು, ಯಾರು ಯಾವ ವಾದ್ಯ ನುಡಿಸಿದರು, ಕೊಟ್ಟ ಹಣ ಒಂದೇ ಸಲದ್ದೋ ಮುಂದೆ ಪಾಲೂ ಇದೆಯೋ. ಕೆಳಗೆ ಎಲ್ಲರ ಸಹಿ. ವಾಟ್ಸ್ಯಾಪ್‌ನಲ್ಲಿ "ಓಕೆ" ಎಂದದ್ದನ್ನು ಪುರಾವೆಯಾಗಿ ತೋರಿಸಬಹುದು, ಆದರೆ ಹಕ್ಕು ವರ್ಗಾವಣೆಗೆ ಕಾಯ್ದೆ ಕೇಳುವುದು ಸಹಿ ಇರುವ ಬರಹವನ್ನು. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ; ಮಾಡಿಸುವುದಾದರೆ ಸಾಹಿತ್ಯಕ್ಕೂ ಸಂಗೀತಕ್ಕೂ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕ.

ಆ ಪುಟವನ್ನು ಬರೆಯಬೇಕಾದದ್ದು ಹಾಡು ಮುಗಿದ ಸಂಜೆಯೇ, ಎಲ್ಲರೂ ಖುಷಿಯಲ್ಲಿರುವಾಗ. ಹೆಸರುಗಳನ್ನು ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಬರೆಯಿರಿ. ಸ್ಟೇಜಿನ ಮೇಲಿನ ಅಡ್ಡಹೆಸರಿಗೆ ಯಾವ ಬ್ಯಾಂಕೂ ಹಣ ಹಾಕುವುದಿಲ್ಲ.